ಔಂಧ್‌ನಲ್ಲಿ ಹೆನ್ರಿ ಮೂರ್‌ಗೆ ಏನು ಕೆಲಸ?

ಫಸ್ಟ್ ಇಯರ್ ವರ್ಕ್‌ಶಾಪ್ ಮುಗಿಸಿದವರಲ್ಲಿ ತುಂಬಾ ಜನ ಈ ಹೆಸರು ನೋಡಿರ್ತೀರಿ. ಲೇತ್ ಮೇಲೆ, ಗ್ರೀಸ್ ಹಿಡಿದು ಅರ್ಧ ಕಪ್ಪಾಗಿರೋ ಒಂದು ನೇಮ್‌ಪ್ಲೇಟ್: ಮೈಸೂರು ಕಿರ್ಲೋಸ್ಕರ್, ಹರಿಹರ. ಅದರ ಮುಂದೆ ನಿಂತು ನಾನು ಫೇಸಿಂಗ್ ಮಾಡಿದ್ದೇನೆ, ಟರ್ನಿಂಗ್ ಮಾಡಿದ್ದೇನೆ, ಜಾಬ್ ಹಾಳು ಮಾಡಿ ಬೈಸಿಕೊಂಡಿದ್ದೇನೆ. ಆದ್ರೆ ಆ ಹೆಸರು ಎಲ್ಲಿಂದ ಬಂತು ಅಂತ ಒಂದು ಸಲಾನೂ ಯೋಚಿಸಿರಲಿಲ್ಲ.

ಯೋಚಿಸೋ ಹಾಗೆ ಮಾಡಿದ್ದು ಒಂದು ಮ್ಯೂಸಿಯಂ. ಕಳೆದ ದಸರಾ ರಜೆಯಲ್ಲಿ ನಿಪ್ಪಾಣಿಯ ನನ್ನ ರೂಮ್‌ಮೇಟ್ ಜೊತೆ ಕರಾಡ್‌ನಲ್ಲಿರೋ ಅವನ ಸೋದರತ್ತೆ ಮನೆಗೆ ಹೋಗಿದ್ದೆ. ಒಂದು ದಿನ ಬೆಳಿಗ್ಗೆ ತಿಂಡಿ ಬಡಿಸ್ತಾ ಅತ್ತೆ, "ಇಲ್ಲೇ ಕುಂತು ಫೋನ್ ನೋಡೂ ಬದಲಿ ಔಂಧಕ್ಕ ಹೋಗಿ ಬರ್ರಿ. ಯಮಾಯಿ ದರ್ಶನಾನೂ ಆಗತೈತಿ, ಮ್ಯೂಸಿಯಂನೂ ನೋಡಿದಂಗ ಆಗತೈತಿ" ಅಂದ್ರು. "ಔಂಧ್ ಅಂದ್ರೆ ಪುಣೆಯಲ್ಲಿರೋ ಏರಿಯಾ ಅಲ್ವಾ?" ಅಂತ ನಾನು ಕೇಳಿದೆ. ರೂಮ್‌ಮೇಟ್ ನಕ್ಕ. "ಲೇ, ಅದು ಬ್ಯಾರೆ, ಇದು ಬ್ಯಾರೆ. ಇದು ಸಣ್ಣ ಊರು. ಆದ್ರ ಇಲ್ಲಿ ಹೆನ್ರಿ ಮೂರ್ ಅದಾನ."

ಹೆನ್ರಿ ಮೂರ್ ಯಾರು ಅಂತ ನನಗೆ ಗೊತ್ತಿರಲಿಲ್ಲ. ಬಸ್ಸಲ್ಲಿ ಕೂತು ಫೋನಲ್ಲಿ ನೋಡಿದೆ. 1898ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹುಟ್ಟಿದ ಶಿಲ್ಪಿ. 20ನೇ ಶತಮಾನದ ದೊಡ್ಡ ಶಿಲ್ಪಿಗಳ ಪಟ್ಟಿ ಯಾರು ಮಾಡಿದ್ರೂ ಅದರಲ್ಲಿ ಇರೋ ಹೆಸರು. ಪ್ಯಾರಿಸ್‌ನ ಯುನೆಸ್ಕೋ ಕಚೇರಿ ಮುಂದೆ ಅವನ ಶಿಲ್ಪ ಇದೆ. ನ್ಯೂಯಾರ್ಕ್‌ನ ಲಿಂಕನ್ ಸೆಂಟರ್‌ನಲ್ಲೂ ಇದೆ. ಹಾಗಾದ್ರೆ ಸಾತಾರಾದಿಂದ ಸುಮಾರು 40 ಕಿಲೋಮೀಟರ್ ದೂರದ, ಖಟಾವ್ ತಾಲೂಕಿನ ಒಂದು ಪುಟ್ಟ ಊರಲ್ಲಿ ಅವನಿಗೇನು ಕೆಲಸ?

ಈ ಲೇಖನ ಆ ಪ್ರಶ್ನೆಗೆ ಉತ್ತರ. ಉತ್ತರದ ದಾರಿಯಲ್ಲಿ ನಮ್ಮ ಲೇತ್ ಕೂಡ ಬರುತ್ತೆ, ಬೆಂಗಳೂರಿನ ಒಬ್ಬ ಇಂಜಿನಿಯರ್ ಕೂಡ ಬರ್ತಾನೆ.

ಗುಡ್ಡದ ಅರ್ಧ ದಾರಿಯಲ್ಲಿ

ಔಂಧ್‌ನಲ್ಲಿ ಒಂದು ಗುಡ್ಡ ಇದೆ. ಮೇಲೆ ಯಮಾಯಿ ದೇವಿ ದೇವಸ್ಥಾನ. ಗುಡ್ಡ ಹತ್ತುವ ದಾರಿಯ ಮಧ್ಯದಲ್ಲಿ ಶ್ರೀ ಭವಾನಿ ಮ್ಯೂಸಿಯಂ. ಹಳೇ ಅರಮನೆಯ ಖಾಲಿ ಕೋಣೆಗಳಲ್ಲಿ ಸಾಮಾನು ತುಂಬಿಸಿ ಬೋರ್ಡ್ ಹಾಕಿದ ಮ್ಯೂಸಿಯಂ ಅಲ್ಲ ಇದು. ಮ್ಯೂಸಿಯಂ ಆಗಬೇಕು ಅಂತಲೇ ಕಟ್ಟಿ, 1938ರ ಹೊತ್ತಿಗೆ ತಯಾರಾದ ಕಟ್ಟಡ.

ಒಳಗೆ ಏನೇನಿದೆ ಅಂತ ಹೇಳೋಕೆ ಹೋದ್ರೆ ಪಟ್ಟಿ ಉದ್ದ ಆಗುತ್ತೆ. ರಾಜಾ ರವಿವರ್ಮನ ತೈಲಚಿತ್ರಗಳಿವೆ. ಮುಂಬೈ ಕಲಾಶಾಲೆಯ ಹೆಸರಾಂತ ಚಿತ್ರಕಾರ ಎಂ. ವಿ. ಧುರಂಧರ್ ಅವರ ಚಿತ್ರಗಳಿವೆ. ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಯ ಪುಟ್ಟ ಪುಟ್ಟ ಚಿತ್ರಗಳಿವೆ, ಬಂಗಾಳ ಶೈಲಿಯವೂ ಇವೆ. ದಂತ, ಗಂಧ, ಮರದ ಕೆತ್ತನೆಗಳು. ಕಂಚಿನ ವಿಗ್ರಹಗಳು. ಯುರೋಪಿನ ಶಿಲ್ಪಗಳ ಪ್ಲಾಸ್ಟರ್ ಮತ್ತು ಅಮೃತಶಿಲೆಯ ನಕಲುಗಳು. ಇಷ್ಟೆಲ್ಲದರ ಜೊತೆಗೆ ಹೆನ್ರಿ ಮೂರ್‌ನ ತಾಯಿ-ಮಗು ಕಲ್ಲಿನ ಶಿಲ್ಪ.

ಪಹಾಡಿ ಚಿತ್ರಗಳಲ್ಲಿ ಕಿರಾತಾರ್ಜುನೀಯದ ಒಂದು ಮಾಲೆ ಇದೆ. ಬೇಡನ ವೇಷದಲ್ಲಿ ಬಂದ ಶಿವನ ಜೊತೆ ಅರ್ಜುನ ಹಂದಿಗಾಗಿ ಜಗಳಕ್ಕೆ ನಿಲ್ಲೋ ಕಥೆ. ಇದನ್ನ ಸಂಸ್ಕೃತದಲ್ಲಿ ಕಾವ್ಯ ಮಾಡಿದವನು ಭಾರವಿ. ಭಾರವಿಯ ಹೆಸರು ನಮ್ಮ ಐಹೊಳೆಯ ಕ್ರಿ.ಶ. 634ರ ಶಾಸನದಲ್ಲಿ, ಕಾಳಿದಾಸನ ಹೆಸರಿನ ಪಕ್ಕದಲ್ಲೇ ಬರುತ್ತೆ. ಕವಿಯ ಹೆಸರು ಬಾಗಲಕೋಟೆ ಜಿಲ್ಲೆಯ ಕಲ್ಲಿನ ಮೇಲೆ, ಕಥೆಯ ಚಿತ್ರ ಹಿಮಾಲಯದ ಕಲಾವಿದರ ಕೈಯಲ್ಲಿ, ಆ ಚಿತ್ರ ಈಗ ಸಾತಾರಾ ಜಿಲ್ಲೆಯ ಗುಡ್ಡದ ಮೇಲೆ. ಒಂದು ಊರಿನ ಮ್ಯೂಸಿಯಂ ಅಂದ್ರೆ ಬರೀ ಆ ಊರಿನ ಸಾಮಾನು ಅಂತ ನಾನು ಅಂದುಕೊಂಡಿದ್ದೆ. ಹಾಗಿಲ್ಲ.

ಚಿತ್ರ ಬಿಡಿಸುತ್ತಿದ್ದ ರಾಜ

ಇದನ್ನೆಲ್ಲ ಸೇರಿಸಿದವರು ಭವಾನರಾವ್ ಪಂತ ಪ್ರತಿನಿಧಿ. ಜನ ಕರೀತಿದ್ದಿದ್ದು ಬಾಳಾಸಾಹೇಬ್ ಅಂತ. 1868ರಲ್ಲಿ ಹುಟ್ಟಿ 1909ರಲ್ಲಿ ಔಂಧ್ ಸಂಸ್ಥಾನದ ಗಾದಿಗೆ ಬಂದ್ರು. ಸಂಸ್ಥಾನ ತುಂಬಾ ಚಿಕ್ಕದು, ಅದೂ ಒಂದೇ ಕಡೆ ಇರಲಿಲ್ಲ. ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಅದರಲ್ಲಿ ಒಂದು ತುಂಡು ಗುಣದಾಳ, ಅಂದ್ರೆ ಇವತ್ತಿನ ನಮ್ಮ ವಿಜಯಪುರ ಜಿಲ್ಲೆಯಲ್ಲಿರೋದು. ಹಾಗಾಗಿ ಈ ರಾಜನ ಪ್ರಜೆಗಳಲ್ಲಿ ಕನ್ನಡದವರೂ ಇದ್ದರು.

ಬಾಳಾಸಾಹೇಬ್ ಚಿತ್ರಗಳನ್ನ ಕೊಂಡು ಗೋಡೆಗೆ ಹಾಕಿಸಿದ ರಾಜ ಮಾತ್ರ ಅಲ್ಲ, ಸ್ವತಃ ಚಿತ್ರ ಬಿಡಿಸ್ತಿದ್ದರು. ಪುಣೆಯ ಭಂಡಾರ್ಕರ್ ಸಂಸ್ಥೆ ಮಹಾಭಾರತದ ಎಲ್ಲ ಹಸ್ತಪ್ರತಿಗಳನ್ನ ಹೋಲಿಸಿ ಶುದ್ಧ ಪಾಠ ತಯಾರಿಸೋ ದೊಡ್ಡ ಕೆಲಸ 1919ರಲ್ಲಿ ಶುರು ಮಾಡಿ 1966ರಲ್ಲಿ ಮುಗಿಸಿತಲ್ಲ, ಅದಕ್ಕೆ ಮೊದಮೊದಲು ಹಣ ಕೊಟ್ಟವರು ಇವರು. ಅದಕ್ಕೆ ಚಿತ್ರ ಬರೆದವರೂ ಇವರೇ. ಆ ಸಂಪುಟಗಳ ಮೊದಲ ಪುಟದಲ್ಲಿ ಸಂಪಾದಕರ ಹೆಸರಿನ ಜೊತೆ ಚಿತ್ರಕಾರ ಅಂತ ಇವರ ಹೆಸರಿದೆ. ಅಜಂತಾ ಬಗ್ಗೆ 1932ರಲ್ಲಿ ಒಂದು ಪುಸ್ತಕ ತಂದರು. ಇನ್ನೊಂದು ವಿಷಯ: ಇವತ್ತು ಯೋಗ ಕ್ಲಾಸಲ್ಲಿ ಎಲ್ಲರೂ ಮಾಡೋ ಸೂರ್ಯ ನಮಸ್ಕಾರವನ್ನ ಶಾಲೆಗಳಿಗೆ, ಸಾಮಾನ್ಯ ಜನರಿಗೆ ತಲುಪಿಸಿದವರಲ್ಲಿ ಇವರೇ ಪ್ರಮುಖರು.

ಇಷ್ಟು ಓದಿದ ಮೇಲೆ ಬರೋ ಅನುಮಾನ ಸಹಜ. ಇದು ಒಬ್ಬ ಶ್ರೀಮಂತನ ಹವ್ಯಾಸ ಅಷ್ಟೇ ತಾನೆ? ನನಗೂ ಹಾಗೇ ಅನಿಸಿತ್ತು. ಅವರ ಇನ್ನೆರಡು ಕೆಲಸ ಗೊತ್ತಾದಮೇಲೆ ಅನಿಸಿಕೆ ಬದಲಾಯಿತು. ಒಂದು ಕಬ್ಬಿಣದ ನೇಗಿಲಿಗೆ ಸಂಬಂಧಿಸಿದ್ದು, ಇನ್ನೊಂದು ಸಂವಿಧಾನಕ್ಕೆ.

ಬಣ್ಣ ಕಾಣದ ಚಿತ್ರಕಾರ

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇಂಜಿನಿಯರ್ ಆಗಬೇಕು ಅಂತ ಹೊರಟವರೇ ಅಲ್ಲ. ಚಿತ್ರಕಾರ ಆಗಬೇಕು ಅಂತ ಮುಂಬೈನ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಸೇರಿದ್ರು. ಅಲ್ಲಿ ಗೊತ್ತಾಗಿದ್ದು ಏನಂದ್ರೆ, ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ಸರಿಯಾಗಿ ಕಾಣ್ತಿರಲಿಲ್ಲ. ಭಾಗಶಃ ಬಣ್ಣಗುರುಡು. ಪೇಂಟಿಂಗ್ ಅಲ್ಲಿಗೆ ಮುಗೀತು.

ಅವರು ಗಂಟುಮೂಟೆ ಕಟ್ಟಲಿಲ್ಲ. ಬಣ್ಣ ಬೇಡದ ಚಿತ್ರಕ್ಕೆ, ಅಂದ್ರೆ ಮೆಕ್ಯಾನಿಕಲ್ ಡ್ರಾಯಿಂಗ್‌ಗೆ ಬಂದ್ರು. ನಾವು ಶೀಟ್ ಮೇಲೆ ಶೀಟ್ ಹಾಕಿ ಬೈಕೊಂಡು ಮುಗಿಸಿದ್ವಲ್ಲ, ಅದೇ ವಿಷಯ. ಮುಂಬೈನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಪಾಠ ಮಾಡಿದ್ರು. ಆಮೇಲೆ ಬೆಳಗಾವಿಗೆ ಬಂದು ಸೈಕಲ್ ಅಂಗಡಿ, ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದ್ರೆ ಮಣ್ಣಿಗೆ ವಿಷ ಏರುತ್ತೆ ಅಂತ ರೈತರು ನಂಬಿದ್ದ ಕಾಲ. ಮೊದಲ ನೇಗಿಲು ಮಾರೋಕೇ ವರ್ಷಗಳು ಹಿಡಿದವು.

ನೇಗಿಲು ಹೇಗೋ ಮಾರಾಟ ಆಗ್ತಿದೆ ಅನ್ನೋ ಹೊತ್ತಿಗೆ ಬೆಳಗಾವಿಯಲ್ಲಿ ಊರಿನ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗ ಬಿಡಬೇಕಾಗಿ ಬಂತು. ಆಗ ಕೈ ಹಿಡಿದವರು ಬಾಳಾಸಾಹೇಬ್. ಒಬ್ಬರಿಗಿಂತ ಒಬ್ಬರು ಒಂದೇ ವರ್ಷ ದೊಡ್ಡವರು, ಇಬ್ಬರಿಗೂ ಚಿತ್ರದ ಹುಚ್ಚು. ಸಂಸ್ಥಾನದ ಕುಂಡಲ್ ಹತ್ತಿರ, ರೈಲು ಹಳಿ ಪಕ್ಕದಲ್ಲಿ ಬರಡು ಜಮೀನು ಕೊಟ್ಟರು, ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರ್‌ವಾಡಿ ಹುಟ್ಟಿತು. ಕಾರ್ಖಾನೆ, ಅದರ ಸುತ್ತ ಕೆಲಸಗಾರರ ಊರು. ಅದೇ ಮನೆತನ 1941ರಲ್ಲಿ ಹರಿಹರದಲ್ಲಿ ಶುರು ಮಾಡಿದ್ದು ಮೈಸೂರು ಕಿರ್ಲೋಸ್ಕರ್. ನಮ್ಮ ಲೇತ್‌ನ ನೇಮ್‌ಪ್ಲೇಟ್ ಬಂದಿದ್ದು ಈ ದಾರಿಯಲ್ಲಿ.

ಗಮನಿಸಿ, ಬಾಳಾಸಾಹೇಬ್ ಅವರ ಹತ್ರ ಇದ್ದಿದ್ದು ದೊಡ್ಡ ನಗರ ಅಲ್ಲ, ದೊಡ್ಡ ಖಜಾನೆಯೂ ಅಲ್ಲ. ಆದ್ರೆ ಕಾರ್ಖಾನೆ ಅಂದ್ರೆ ಮುಂಬೈನಲ್ಲೇ ಇರಬೇಕು ಅಂತ ಅವರು ಅಂದುಕೊಳ್ಳಲಿಲ್ಲ. ಮ್ಯೂಸಿಯಂ ವಿಷಯದಲ್ಲೂ ಅದೇ ಲೆಕ್ಕ.

ಬೆಳಕು ಬೇಕು, ಬೆಳಕೇ ಶತ್ರು

ಈಗ ಕಟ್ಟಡಕ್ಕೆ ಬರೋಣ. ಚಿತ್ರ ನೋಡೋಕೆ ಬೆಳಕು ಬೇಕು. ಚಿತ್ರವನ್ನ ಹಾಳು ಮಾಡೋದೂ ಅದೇ ಬೆಳಕು. ಪ್ರತಿ ಮ್ಯೂಸಿಯಂನ ಮೂಲ ಸಮಸ್ಯೆ ಇದು.

ಅಪ್ಲೈಡ್ ಫಿಸಿಕ್ಸ್ ನೆನಪು ಮಾಡ್ಕೊಳ್ಳಿ. ಫೋಟಾನಿನ ಶಕ್ತಿ ತರಂಗಾಂತರಕ್ಕೆ ವಿಲೋಮ. 340 ನ್ಯಾನೋಮೀಟರ್‌ನ ನೇರಳಾತೀತ ಫೋಟಾನ್‌ಗೆ ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತೆ. ಕಾರ್ಬನ್-ಕಾರ್ಬನ್ ಒಂಟಿ ಬಂಧ ಮುರಿಯೋಕೆ ಬೇಕಾಗಿರೋದೂ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಗಿಡದಿಂದ, ಕೀಟದಿಂದ ತೆಗೆದ ಬಣ್ಣಗಳು, ಕಾಗದ, ಬಟ್ಟೆ ಇವೆಲ್ಲ ಬಿಸಿಲಿಗೆ ಸಿಕ್ಕಿದ್ರೆ ಅಣುವಿನ ಮಟ್ಟದಲ್ಲೇ ಮುರೀತಾ ಹೋಗುತ್ತವೆ. ಕಲ್ಲಿಂದ ಅರೆದು ಮಾಡಿದ ಬಣ್ಣಗಳು ಸ್ವಲ್ಪ ಗಟ್ಟಿ. ಅದಕ್ಕೇ ಹಳೇ ಚಿತ್ರದಲ್ಲಿ ಒಂದು ಬಣ್ಣ ಹೊಸದರ ಹಾಗೆ ಹೊಳೀತಿದ್ರೆ ಪಕ್ಕದ್ದು ಮಂಕಾಗಿರುತ್ತೆ.

ಇನ್ನೊಂದು ಮುಖ್ಯ ವಿಷಯ. ಈ ಹಾನಿ ಕೂಡುತ್ತಾ ಹೋಗುತ್ತೆ, ರಾತ್ರಿ ದೀಪ ಆರಿಸಿದ್ರೆ ವಾಪಸ್ ಸರಿಹೋಗೋದಿಲ್ಲ. ಕಾಗದದ ಮೇಲಿನ ಚಿತ್ರಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ ಇಟ್ಟುಕೊಳ್ಳೋ ಮಿತಿ 50 ಲಕ್ಸ್, ತೈಲಚಿತ್ರಗಳಿಗೆ 200 ಲಕ್ಸ್ ಆಸುಪಾಸು. ಲೆಕ್ಕ ಹಾಕಿ: 50 ಲಕ್ಸ್, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ. ಒಟ್ಟು 1,20,000 ಲಕ್ಸ್-ಗಂಟೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ಅಂದ್ರೆ ಒಂದು ಪಹಾಡಿ ಚಿತ್ರವನ್ನ ಬಿಸಿಲಲ್ಲಿ 72 ನಿಮಿಷ ಇಟ್ರೆ, ಇಡೀ ವರ್ಷ ಮ್ಯೂಸಿಯಂ ಒಳಗೆ ತಾಗಬೇಕಾದ ಬೆಳಕು ಒಂದೇ ಸಲ ತಾಗಿಬಿಡುತ್ತೆ. ಅದೂ ನೇರಳಾತೀತವನ್ನ ಲೆಕ್ಕಕ್ಕೆ ತಗೊಳ್ಳದೇ.

ಔಂಧ್‌ನ ಕಟ್ಟಡದಲ್ಲಿ ಇದಕ್ಕೆ ಕಂಡುಕೊಂಡ ದಾರಿ, ಸಹಜ ಬೆಳಕನ್ನ ಮೇಲಿನಿಂದ ತರೋದು. ಕಣ್ಣಿನ ಎತ್ತರದಲ್ಲಿ ದೊಡ್ಡ ಕಿಟಕಿ ಇಟ್ರೆ ಎರಡು ತೊಂದರೆ. ಬಿಸಿಲು ನೇರ ಚಿತ್ರದ ಮೇಲೆ ಬೀಳುತ್ತೆ, ಜೊತೆಗೆ ಚಿತ್ರದ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತೆ. ಬೆಳಕು ಮೇಲಿಂದ ಬಂದು ಗೋಡೆ, ಸೂರಿಗೆ ತಾಗಿ ಚದುರಿದ್ರೆ ಎರಡೂ ತಪ್ಪುತ್ತೆ. ಚಿತ್ರ ನೇತುಹಾಕೋಕೆ ಪೂರ್ತಿ ಗೋಡೆಯೂ ಸಿಗುತ್ತೆ. ಯುರೋಪಿನಲ್ಲಿ ಚಿತ್ರಶಾಲೆಗೆ ಉತ್ತರದ ಕಿಟಕಿ ಇಟ್ರೆ ಸಾಕು, ಅಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಬರೋದೇ ಇಲ್ಲ. ಔಂಧ್ ಇರೋದು ಸುಮಾರು 17.5 ಡಿಗ್ರಿ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ಸೂರ್ಯ ಅಲ್ಲಿಂದ ಉತ್ತರಕ್ಕೆ ಸರಿದಿರ್ತಾನೆ. ಹಾಗಾಗಿ ಪರದೇಶದ ಡಿಸೈನ್ ಕಾಪಿ ಹೊಡೆದ್ರೆ ನಮ್ಮ ಕಡೆ ಪೂರ್ತಿ ಕೆಲಸ ಮಾಡೋದಿಲ್ಲ.

ಬೆಳಕಿನ ನಂತರದ ಶತ್ರು ತೇವ. ಮರ, ದಂತ, ಕ್ಯಾನ್ವಾಸ್ ಇವೆಲ್ಲ ಗಾಳಿಯಿಂದ ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ತೈಲಚಿತ್ರ ಅಂದ್ರೆ ಒಂದು ಪದರ ಅಲ್ಲ. ಕ್ಯಾನ್ವಾಸ್, ಅದರ ಮೇಲೆ ಅಸ್ತರು, ಅದರ ಮೇಲೆ ಅಗಸೆ ಎಣ್ಣೆಯ ಬಣ್ಣ, ಮೇಲೆ ವಾರ್ನಿಷ್. ಪ್ರತಿ ಪದರವೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದ್ತಿರೋರಿಗೆ ಮುಂದಿನದು ಹೇಳಬೇಕಾಗಿಲ್ಲ: ಪದರಗಳ ಮಧ್ಯೆ ಸ್ಟ್ರೆಸ್, ಆಮೇಲೆ ಬಿರುಕು. ಹಳೇ ಚಿತ್ರದ ಮೇಲೆ ಕಾಣೋ ಸಣ್ಣ ಬಲೆಯಂಥ ಗೆರೆಗಳು ಇವೇ. ತೇವ ಜಾಸ್ತಿ ಇದೆಯೋ ಕಮ್ಮಿ ಇದೆಯೋ ಅನ್ನೋದಕ್ಕಿಂತ ಅದು ಎಷ್ಟು ಬೇಗ ಏರುಪೇರಾಗುತ್ತೆ ಅನ್ನೋದು ದೊಡ್ಡ ತಲೆನೋವು. ಜುಲೈ ಮಳೆ ಮತ್ತು ಮಾರ್ಚ್ ಒಣಹವೆ ಎರಡನ್ನೂ ಕಾಣೋ ನಾಡಿನಲ್ಲಿ ದಂತದ ಕೆತ್ತನೆ ಕಾಪಾಡೋದು ಹುಡುಗಾಟ ಅಲ್ಲ.

ನಕಲಿಗೆ ಯಾಕೆ ಜಾಗ?

ಒಳಗೆ ಓಡಾಡುವಾಗ ನನಗೆ ಕಸಿವಿಸಿ ಆಗಿದ್ದು ನಕಲುಗಳ ಬಗ್ಗೆ. ರವಿವರ್ಮನ ಅಸಲಿ ಚಿತ್ರ ಇಟ್ಟಿರೋ ಕಟ್ಟಡದಲ್ಲೇ ಪ್ಲಾಸ್ಟರ್ ಬೊಂಬೆ ಯಾಕೆ? ರೂಮ್‌ಮೇಟ್‌ನ ಕೇಳಿದೆ. "ನಿನ್ನ ಲ್ಯಾಪ್‌ಟಾಪ್‌ನ್ಯಾಗ ಇರೂ ಪಿಡಿಎಫ್ ಎಲ್ಲಾ ಒರಿಜಿನಲ್ ಏನಲೇ?" ಅಂದ.

ಉತ್ತರ ಸರಿಯಾಗೇ ಇತ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ 1873ರಿಂದ ಪ್ಲಾಸ್ಟರ್ ನಕಲುಗಳಿಗೇ ಎಂದು ದೊಡ್ಡ ಹಾಲ್‌ಗಳಿವೆ. ಇಟಲಿಗೆ ಹೋಗೋಕಾಗದ ವಿದ್ಯಾರ್ಥಿ ಅಲ್ಲೇ ನಿಂತು ಡ್ರಾಯಿಂಗ್ ಕಲೀಲಿ ಅಂತ. ಇಂಟರ್‌ನೆಟ್ ಇಲ್ಲದ, ಬಣ್ಣದ ಫೋಟೋ ಅಪರೂಪವಾಗಿದ್ದ ಕಾಲದಲ್ಲಿ ಔಂಧ್‌ನ ಒಬ್ಬ ಹುಡುಗನಿಗೆ ಗ್ರೀಕ್ ಶಿಲ್ಪ ಎದುರುಗಡೆ, ಮೂರು ಆಯಾಮದಲ್ಲಿ ಕಾಣಬೇಕಾದ್ರೆ ಬೇರೆ ದಾರಿಯೇ ಇರಲಿಲ್ಲ. ನಕಲನ್ನ ಅಸಲಿ ಅಂತ ತೋರಿಸಿದ್ರೆ ಮೋಸ, ನಕಲು ಅಂತ ಹೇಳಿ ತೋರಿಸಿದ್ರೆ ಪಾಠ.

ಹಾಗೆ ನೋಡಿದ್ರೆ ಹೆನ್ರಿ ಮೂರ್‌ನ ಕಲ್ಲು ಅಲ್ಲಿರೋದಕ್ಕೂ ಅರ್ಥ ಸಿಗುತ್ತೆ. ಪಶ್ಚಿಮದ ಹಳೇ ಶಿಲ್ಪ ಸಾಮಾನ್ಯವಾಗಿ ಹೇಗೆ ತಯಾರಾಗ್ತಿತ್ತು ಅಂದ್ರೆ, ಶಿಲ್ಪಿ ಮಣ್ಣಲ್ಲಿ ಮಾದರಿ ಮಾಡ್ತಾನೆ, ಅದರಿಂದ ಅಚ್ಚು ತೆಗೀತಾರೆ, ಆಮೇಲೆ ಕಂಚಿನಲ್ಲಿ ಎರಕ ಹೊಯ್ಯೋದು ಅಥವಾ ಕುಶಲಕರ್ಮಿಗಳು ಅಳತೆ ಹಿಡಿದು ಕಲ್ಲಿಗೆ ಇಳಿಸೋದು. ಮೂರ್ ತನ್ನ ಯೌವನದಲ್ಲಿ ಇದಕ್ಕೆ ಒಪ್ಪದೆ ತಾನೇ ಉಳಿ ಹಿಡಿದು ನೇರ ಕಲ್ಲನ್ನೇ ಕೆತ್ತಿದ. ಕಲ್ಲು ಕಲ್ಲಿನ ಹಾಗೇ ಕಾಣಬೇಕು, ಚರ್ಮದ ಹಾಗೆ ನಟಿಸಬಾರದು ಅನ್ನೋದು ಅವನ ಪಕ್ಷ. ತಾಯಿ-ಮಗು ಅವನು ಜೀವನಪೂರ್ತಿ ಮತ್ತೆ ಮತ್ತೆ ಹಿಂದಿರುಗಿದ ವಸ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಕಡೆ ಕಾಸ್ಟಿಂಗ್, ಇನ್ನೊಂದು ಕಡೆ ಮೆಟೀರಿಯಲ್ ತೆಗೀತಾ ಹೋಗೋ ಮಶೀನಿಂಗ್. ತೆಗೆದ ಕಲ್ಲು ವಾಪಸ್ ಅಂಟೋದಿಲ್ಲ ಅನ್ನೋ ಭಯ ಲೇತ್ ಮುಂದೆ ನಿಂತವರಿಗೆಲ್ಲ ಗೊತ್ತು. ಪ್ಲಾಸ್ಟರ್ ನಕಲುಗಳ ನುಣುಪು, ಮೂರ್‌ನ ನೇರ ಕೆತ್ತನೆ, ನಮ್ಮ ಮರದ, ದಂತದ ಕೆತ್ತನೆ ಮೂರನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡಬಹುದಾದ ಜಾಗ ಎಷ್ಟಿವೆ?

ಅಧಿಕಾರವನ್ನೂ ಹಂಚಿದ್ದು

ಮ್ಯೂಸಿಯಂ ತಯಾರಾದ 1938ರಲ್ಲೇ ಬಾಳಾಸಾಹೇಬ್ ಇನ್ನೊಂದು ನಿರ್ಧಾರ ಮಾಡಿದ್ರು. ರಾಜ್ಯದ ಅಧಿಕಾರವನ್ನ ಜನರ ಕೈಗೆ ಕೊಡೋದು. ಇದರಲ್ಲಿ ದೊಡ್ಡ ಪಾತ್ರ ಅವರ ಮಗ ಅಪ್ಪಾ ಪಂತ್ ಅವರದ್ದು, ಇನ್ನೊಂದು ದೊಡ್ಡ ಪಾತ್ರ ಮಾರಿಸ್ ಫ್ರೀಡ್‌ಮನ್ ಅನ್ನೋ ಇಂಜಿನಿಯರ್‌ದು. ಪೋಲೆಂಡಿನ ಯಹೂದಿ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ನಡೆಸೋಕೆ ಬಂದವರು. ಇವತ್ತು ಕವಿಕಾ ಅಂತ ನಾವು ಕರಿಯೋದು ಅದೇ ಫ್ಯಾಕ್ಟರಿಯನ್ನ. ಟ್ರಾನ್ಸ್‌ಫಾರ್ಮರ್ ಕೆಲಸದ ಮಧ್ಯೆ ಇವರು ಗಾಂಧೀಜಿ ಹತ್ತಿರ ಹೋದ್ರು, ಭರತಾನಂದ ಅನ್ನೋ ಹೆಸರು ಪಡೆದ್ರು, ಔಂಧ್‌ಗೆ ಸಂವಿಧಾನ ಬರೆಯೋದರಲ್ಲಿ ಕೈ ಜೋಡಿಸಿದ್ರು.

ಗಾಂಧೀಜಿಯ ಸಲಹೆಯಂತೆ ತಯಾರಾದ ಆ ಸಂವಿಧಾನ 1939ರ ಜನವರಿಯಲ್ಲಿ ಜಾರಿಗೆ ಬಂತು. ಹಳ್ಳಿ ಪಂಚಾಯಿತಿ ಬುಡ, ಅದರ ಮೇಲೆ ತಾಲೂಕು, ಅದರ ಮೇಲೆ ಶಾಸನಸಭೆ. ದೇಶಕ್ಕೆ ಸ್ವಾತಂತ್ರ್ಯ ಬರೋಕೆ 8 ವರ್ಷ ಮೊದಲು, ಒಂದು ಪುಟ್ಟ ಸಂಸ್ಥಾನದ ರಾಜ ತಾನಾಗೇ ಅಧಿಕಾರ ಬಿಟ್ಟುಕೊಟ್ಟರು. ಆಟಪಾಡಿ ಹತ್ತಿರ ಸ್ವತಂತ್ರಪುರ ಅನ್ನೋ ಗೋಡೆಗಳಿಲ್ಲದ ಜೈಲು ಕೂಡ ಶುರುವಾಯಿತು. ವಿ. ಶಾಂತಾರಾಮ್ ಅವರ 1957ರ 'ದೋ ಆಂಖೇ ಬಾರಹ್ ಹಾಥ್' ಸಿನಿಮಾಗೆ ಸ್ಫೂರ್ತಿ ಅದೇ. 1948ರಲ್ಲಿ ಸಂಸ್ಥಾನ ಆಗಿನ ಮುಂಬೈ ಪ್ರಾಂತಕ್ಕೆ ಸೇರಿತು. 1951ರಲ್ಲಿ ಬಾಳಾಸಾಹೇಬ್ ತೀರಿಕೊಂಡರು. ಮ್ಯೂಸಿಯಂ ಇವತ್ತು ಮಹಾರಾಷ್ಟ್ರ ಸರ್ಕಾರದ್ದು.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾರ್ಖಾನೆ ಬರಡು ಜಮೀನಿಗೆ ಬಂತು. ಅಧಿಕಾರ ಹಳ್ಳಿಗೆ ಹೋಯಿತು. ರವಿವರ್ಮ ಗುಡ್ಡದ ಮೇಲೆ ಬಂದ. ಮೂರೂ ನಡೆದಿದ್ದು ಒಂದೇ ದಿಕ್ಕಿನಲ್ಲಿ. ಒಳ್ಳೆಯದು ಬೇಕಾದ್ರೆ ಜನ ದೊಡ್ಡ ಊರಿಗೆ ಹೋಗಲಿ ಅನ್ನೋದು ಸಾಮಾನ್ಯ ಕ್ರಮ. ಬಾಳಾಸಾಹೇಬ್ ಒಳ್ಳೆಯದನ್ನೇ ಚಿಕ್ಕ ಊರಿಗೆ ತಂದ್ರು.

ನಗರಕ್ಕೆ ಸಾಗಿಸಬೇಕಾ?

ವಾಪಸ್ ಬರುವಾಗ ಬಸ್ಸಲ್ಲಿ ನಾವಿಬ್ಬರೂ ಜಗಳ ಆಡಿದ್ವಿ. ನನ್ನ ವಾದ ಹೀಗಿತ್ತು: ಇಷ್ಟು ಬೆಲೆಬಾಳೋ ಸಂಗ್ರಹ ಮುಂಬೈನಲ್ಲೋ ಪುಣೆಯಲ್ಲೋ ಇದ್ರೆ ಲಕ್ಷಾಂತರ ಜನ ನೋಡ್ತಾರೆ. ಅಲ್ಲಿ ಏಸಿ ಇರುತ್ತೆ, ಚಿತ್ರ ಸರಿಪಡಿಸೋ ಪರಿಣತರು ಇರ್ತಾರೆ, ಸಂಶೋಧಕರಿಗೆ ಹತ್ತಿರ. ಮೂರ್‌ನ ಒಂದು ಶಿಲ್ಪಕ್ಕೆ ಸಿಗೋ ಭದ್ರತೆ ಲೆಕ್ಕ ಹಾಕಿದ್ರೂ ಸಾಕು.

ಈ ವಾದದಲ್ಲಿ ಹುರುಳಿಲ್ಲ ಅಂತ ಈಗಲೂ ಹೇಳೋದಿಲ್ಲ. ಆದ್ರೆ ಅವತ್ತು ನಾನು ಕಂಡ ಒಂದು ದೃಶ್ಯ ಈ ವಾದದ ಒಳಗೆ ಕೂರಲಿಲ್ಲ. ದೇವಸ್ಥಾನದಿಂದ ಇಳಿದು ಬಂದ ಒಬ್ಬ ಅಜ್ಜಿ, ಕಚ್ಚೆ ಸೀರೆ, ಕೈಯಲ್ಲಿ ಪ್ರಸಾದದ ಚೀಲ, ಜೊತೆಗೆ ಮೊಮ್ಮಗಳು. ಒಂದು ದೊಡ್ಡ ಪುರಾಣದ ಚಿತ್ರದ ಮುಂದೆ ನಿಂತು ಮೊದಲು ಕೈ ಮುಗಿದ್ರು. ಆಮೇಲೆ ಮೊಮ್ಮಗಳಿಗೆ ಮರಾಠಿಯಲ್ಲಿ ಆ ಕಥೆ ಹೇಳೋಕೆ ಶುರು ಮಾಡಿದ್ರು. ಹುಡುಗಿ ಕಥೆ ಕೇಳ್ತಾ ಕೇಳ್ತಾ ಚಿತ್ರದಲ್ಲಿನ ಸೀರೆಯ ಜರಿಯನ್ನ ಬೆರಳಲ್ಲಿ ಗಾಳಿಯಲ್ಲೇ ಬರೀತಿದ್ಲು. ಹತ್ತು ನಿಮಿಷ ಆದ್ರೂ ಅಲ್ಲಿಂದ ಕದಲಲಿಲ್ಲ. ಆ ಅಜ್ಜಿ ಮುಂಬೈನ ಆರ್ಟ್ ಗ್ಯಾಲರಿಗೆ ಹೋಗೋದಿಲ್ಲ. ಮ್ಯೂಸಿಯಂ ದೇವರ ದಾರಿಯಲ್ಲಿದೆ, ಅದಕ್ಕೇ ಒಳಗೆ ಬಂದ್ರು. ಎಷ್ಟು ಜನ ನೋಡಿದ್ರು ಅನ್ನೋ ಜೊತೆಗೆ ಯಾರು ನೋಡಿದ್ರು ಅನ್ನೋದೂ ಲೆಕ್ಕಕ್ಕೆ ಬರಬೇಕು.

ಎರಡನೇದು, ಈ ಸಂಗ್ರಹ ಒಬ್ಬ ಮನುಷ್ಯನ ಕಣ್ಣು. ಅಸಲಿ, ನಕಲು, ಪಹಾಡಿ, ಬಂಗಾಳ, ಯುರೋಪು ಎಲ್ಲ ಒಟ್ಟಿಗಿದ್ದಾಗ ಮಾತ್ರ ಅದಕ್ಕೆ ಅರ್ಥ. ಮೂರ್‌ನನ್ನ ಬಿಡಿಸಿ ನಗರಕ್ಕೆ ಒಯ್ದರೆ ಅಲ್ಲಿ ಅದು ಇನ್ನೊಂದು ಒಳ್ಳೆ ಶಿಲ್ಪ ಅಷ್ಟೇ.

ಮೂರನೇದು ನಮಗೆ ಸಂಬಂಧಿಸಿದ್ದು. ಬೆಳಕು, ತೇವ, ಭದ್ರತೆ ಇವೆಲ್ಲ ಇಂಜಿನಿಯರಿಂಗ್ ಸಮಸ್ಯೆಗಳು. ಕಿಟಕಿಗೆ ನೇರಳಾತೀತ ತಡೆಯೋ ಫಿಲ್ಮ್, ಗಾಜಿನ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್, ತೇವ ಅಳೆಯೋ ಸೆನ್ಸರ್, ಅದನ್ನ ಓದೋಕೆ ಒಂದು ಇಎಸ್‌ಪಿ32 ಬೋರ್ಡ್. ಇದ್ಯಾವುದೂ ನಗರದಲ್ಲೇ ಇರಬೇಕಾದ ತಂತ್ರಜ್ಞಾನ ಅಲ್ಲ. ವಸ್ತುಗಳನ್ನ ಸೌಲಭ್ಯ ಇರೋ ಕಡೆ ಸಾಗಿಸೋದು ಸುಲಭ. ಸೌಲಭ್ಯವನ್ನ ವಸ್ತು ಇರೋ ಕಡೆ ಸಾಗಿಸೋದು ಕಷ್ಟ, ಆದ್ರೆ ಲಕ್ಷ್ಮಣರಾವ್ ನೇಗಿಲು ಹೊತ್ತು ಮಾಡಿದ್ದು ಇದೇ ಕೆಲಸ.

ನಮ್ಮ ನಿಮ್ಮ ಊರುಗಳಲ್ಲೂ ಜಿಲ್ಲಾ ಕೇಂದ್ರದ ಒಂದು ಮೂಲೆಯಲ್ಲಿ, ಕೋಟೆಯ ಒಳಗೆ, ದೇವಸ್ಥಾನದ ಪಕ್ಕ ಇಂಥ ಮ್ಯೂಸಿಯಂ ಇರಬಹುದು. ಶಾಲೆಯ ಪ್ರವಾಸದಲ್ಲಿ ಸಾಲಾಗಿ ಓಡಿಸಿಕೊಂಡು ಬಂದದ್ದು ಬಿಟ್ರೆ ನಾನಂತೂ ಯಾವುದನ್ನೂ ಸರಿಯಾಗಿ ನೋಡಿರಲಿಲ್ಲ. ಈ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ರೂಮ್‌ಮೇಟ್ ಮತ್ತು ನಾನು ಒಂದು ಚಿಕ್ಕ ಲಾಗರ್ ಮಾಡ್ತಿದ್ದೇವೆ. ಲಕ್ಸ್, ಉಷ್ಣತೆ, ತೇವ ಮೂರನ್ನೂ ಗಂಟೆಗೊಮ್ಮೆ ಬರೆದುಕೊಳ್ಳುತ್ತೆ, ಬ್ಯಾಟರಿ ಮೇಲೆ ತಿಂಗಳುಗಟ್ಟಲೆ ನಡೀಬೇಕು ಅನ್ನೋದು ಗುರಿ. ಸದ್ಯಕ್ಕೆ ಹಾಸ್ಟೆಲ್ ರೂಮಿನ ತೇವ ಅಳೀತಾ ಇದೆ, ನಂಬರ್ ನೋಡಿದ್ರೆ ನಮ್ಮ ಪುಸ್ತಕಗಳ ಮೇಲೆ ಕರುಣೆ ಬರುತ್ತೆ. ಸರಿಯಾಗಿ ನಡೆದ್ರೆ ಯಾವುದಾದ್ರೂ ಊರಿನ ಮ್ಯೂಸಿಯಂನವರನ್ನ ಕೇಳಿ ಒಂದು ವರ್ಷ ಇಡೋ ಆಸೆ ಇದೆ. ಎಲೆಕ್ಟ್ರಾನಿಕ್ಸ್‌ನವರು ಯಾರಾದ್ರೂ ಸೇರೋದಾದ್ರೆ ಕ್ಲಬ್ ರೂಮಿಗೆ ಬನ್ನಿ.

ಪುಣೆಗೆ ಇಂಟರ್ನ್‌ಶಿಪ್‌ಗೆ ಹೋಗೋ ಸೀನಿಯರ್‌ಗಳಿಗೆ ಒಂದು ಮಾತು. ನಮ್ಮ ಹೈವೇ ಬೆಳಗಾವಿ, ಕೊಲ್ಹಾಪುರ, ಕರಾಡ್, ಸಾತಾರಾ ದಾಟಿಯೇ ಪುಣೆಗೆ ಹೋಗೋದು. ಒಂದು ದಿನ ಮೊದಲು ಹೊರಟು ಸಾತಾರಾದಲ್ಲೋ ಕರಾಡ್‌ನಲ್ಲೋ ಇಳಿದುಕೊಳ್ಳಿ. ವಾರದ ರಜೆ ಯಾವತ್ತು ಅಂತ ಮೊದಲೇ ವಿಚಾರಿಸಿ. ಹಗಲು ಬೆಳಕಿರುವಾಗಲೇ ಹೋಗಿ, ಆ ಕಟ್ಟಡ ಕಟ್ಟಿದ್ದೇ ಆ ಬೆಳಕಿಗಾಗಿ.